ಕಾರು ಯಾವಾಗ ನಿಲ್ಲುತ್ತದೆ?

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ಮಹಿಳೆ ಮತ್ತು ತಂತ್ರಜ್ಞಾನ'. ಎಂ.ಟೆಕ್ ಓದಿ ಐಟಿ ಕೆಲಸ ಮಾಡುವವಳು, ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಲಿರುವುದು ನಡುರಸ್ತೆಯಲ್ಲಿ ನಿಂತ ನನ್ನ ಕಾರಿನ ಕಥೆ.

ಧಾರವಾಡದಿಂದ ಬಂದ ನಮ್ಮ ಅವ್ವ ಈಗ ಕಳಂಬೋಲಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೊಣಕಾಲಿನ ಆಪರೇಷನ್ ಆದ ಮೇಲೆ ವಾರಕ್ಕೆ ಎರಡು ಸಲ ವಾಶಿಗೆ ಫಿಸಿಯೋಥೆರಪಿಗೆ ಕರೆದೊಯ್ಯುವುದು ನನ್ನ ಕೆಲಸವಾಗಿತ್ತು. ಒಂದು ಬೇಸಿಗೆಯ ಸಂಜೆ ವಾಪಸ್ ಬರುವಾಗ, ಸಯಾನ್-ಪನ್ವೇಲ್ ಹೆದ್ದಾರಿಯಲ್ಲಿ ಖಾರ್‌ಘರ್ ಹತ್ತಿರ, ಮಧ್ಯದ ಲೇನಿನಲ್ಲಿ ಇಂಜಿನ್ ಬಂದ್ ಆಯಿತು. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಯಿತು. ಹಿಂದೆ ಉಕ್ಕಿನ ಸುರುಳಿ ಹೊತ್ತ ಟ್ರೇಲರ್. ಸ್ಟೀಲ್ ಮಾರ್ಕೆಟ್ಟಿನ ಊರಿನಲ್ಲಿ ಇರುವ ನಮಗೆ ಆ ಗಾಡಿಗಳ ತೂಕ ಗೊತ್ತು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು.

ಮುಂದೆ ಇದು ಮತ್ತೆ ಮತ್ತೆ ಆಯಿತು. ಮೊದಲ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಎರಡನೆಯದರಲ್ಲಿ ಬ್ಯಾಟರಿ, ಮೂರನೆಯದರಲ್ಲಿ ಫ್ಯೂಯೆಲ್ ಪಂಪ್. ಸುಮಾರು 16 ಸಾವಿರ ರೂಪಾಯಿ ಹೋಯಿತು, ಕಾರು ನಿಲ್ಲುವುದು ನಿಲ್ಲಲಿಲ್ಲ. ಕೊನೆಗೆ ಒಬ್ಬರು ನನ್ನ ಎದುರಿಗೇ ನನ್ನ ಯಜಮಾನರಿಗೆ ಹೇಳಿದರು: "ಮೇಡಂ ಕ್ಲಚ್ ಸರಿಯಾಗಿ ಬಿಡುವುದಿಲ್ಲ ಅನಿಸುತ್ತೆ."

ಅರವತ್ತರ ವೇಗದಲ್ಲಿ, ಕ್ಲಚ್ ಮೇಲೆ ಕಾಲೇ ಇಲ್ಲದಾಗಲೂ ಕಾರು ನಿಂತಿತ್ತು. ಆದರೂ ಆ ಮಾತು ನನ್ನೊಳಗೆ ಹೊಕ್ಕಿತು. ಹೌದೇನೋ, ನನ್ನದೇ ತಪ್ಪೇನೋ ಎಂದು ಮೂರು ವಾರ ಕೀಲಿ ಮುಟ್ಟಲಿಲ್ಲ. ಆಟೋದ ಕುಲುಕಾಟಕ್ಕೆ ಅವ್ವನಿಗೆ ಮೊಣಕಾಲು ನೋಯುತ್ತಿತ್ತು. "ಸಾಕ ಬಿಡ, ಮನ್ಯಾಗ ವ್ಯಾಯಾಮ ಮಾಡತೀನಿ" ಎಂದು ಹೋಗುವುದನ್ನೇ ಬಿಟ್ಟರು. ಮೊಣಕಾಲು ಬಿಗಿಯಲು ಶುರುವಾಯಿತು. ಕಾರಿನ ರಿಪೇರಿ ಎಂದರೆ ಬರೀ ಕಾರಿನದಲ್ಲ ಎಂದು ನನಗೆ ತಿಳಿದದ್ದು ಆಗ.

ಆಫೀಸಿನಲ್ಲಿ ಒಂದು ಸರ್ವರ್ ಆಗಾಗ ಬಿದ್ದುಹೋದರೆ ನಾವು ಸಾಮಾನು ಬದಲಾಯಿಸಲು ಓಡುವುದಿಲ್ಲ. ಯಾವಾಗ ಬಿತ್ತು, ಆಗ ಏನು ನಡೆಯುತ್ತಿತ್ತು ಎಂದು ಲಾಗ್ ನೋಡುತ್ತೇವೆ. ದಿನವೂ ಮಾಡುವ ಈ ಕೆಲಸವನ್ನು ಕಾರಿನ ವಿಷಯದಲ್ಲಿ ನಾನು ಮಾಡಿರಲೇ ಇಲ್ಲ! ಅವತ್ತು ರಾತ್ರಿ ಅವ್ವನ ಹಾಲಿನ ಲೆಕ್ಕದ ಡೈರಿ ತೆಗೆದುಕೊಂಡು ಇಬ್ಬರೂ ಕೂತೆವು. ಒಂಬತ್ತು ಸಲ ನಿಂತಿತ್ತು. ನನಗಿಂತ ಅವ್ವನಿಗೇ ಹೆಚ್ಚು ನೆನಪಿತ್ತು. ಎಷ್ಟು ಹೊತ್ತಾಗಿತ್ತು, ಎಸಿ ಇತ್ತೋ ಇಲ್ಲವೋ, ಪೆಟ್ರೋಲ್ ಎಷ್ಟಿತ್ತು, ಎಲ್ಲ ಬರೆದೆವು. ಆಗ ಅವ್ವ ಒಂದು ಮಾತು ಹೇಳಿದರು: "ಗುರ್ ಗುರ್ ಅಂತ ಜಗ್ಗಾಡಲಿಲ್ಲವಾ. ಕರೆಂಟ್ ಹೋದಂಗ ಒಮ್ಮಿಗೇ ಬಂದ್ ಆತು."

ಅದೇ ಸುಳಿವು. ಪೆಟ್ರೋಲ್ ಸಾಲದಿದ್ದರೆ ಇಂಜಿನ್ ಸಾಮಾನ್ಯವಾಗಿ ಮೊದಲು ಜಗ್ಗುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ಆಮೇಲೆ ನಿಲ್ಲುತ್ತದೆ. ಒಮ್ಮೆಲೇ ಬಂದ್ ಆದರೆ ವಿದ್ಯುತ್ತಿನ ಕಡೆ, ಅಂದರೆ ಸೆನ್ಸರ್, ವೈರಿಂಗ್, ಇಗ್ನಿಷನ್ ಕಡೆ ಮೊದಲು ನೋಡಬೇಕು. ಡೈರಿಯಲ್ಲಿ ಇನ್ನೊಂದು ವಿಷಯವೂ ಕಂಡಿತು. ಒಂಬತ್ತೂ ಸಲ ಇಂಜಿನ್ ಮೂವತ್ತೈದು ನಿಮಿಷಕ್ಕಿಂತ ಹೆಚ್ಚು ಓಡಿತ್ತು. ಬೆಳಗಿನ ತಂಪಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ. ತಣ್ಣಗಾದ ಮೇಲೆ ತಾನೇ ಚಾಲೂ ಆಗುತ್ತಿತ್ತು.

ಆ ಹಾಳೆ ಹಿಡಿದು ಇಲ್ಲೇ ಕಳಂಬೋಲಿಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಓದಿ, "ಇದನ್ನು ಇಲ್ಲೇ ನಿಲ್ಲಿಸಿ ನೋಡೋಣ" ಎಂದರು. ಸ್ಕ್ಯಾನರ್ ಹಾಕಿ, ಎಸಿ ಹಚ್ಚಿ, ಗ್ಯಾರೇಜಿನಲ್ಲೇ ಇಂಜಿನ್ ಓಡಲು ಬಿಟ್ಟರು. ಐವತ್ತು ನಿಮಿಷದ ಮೇಲೆ ಬಂದ್ ಆಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿದೆ, ಆದರೆ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆ. ಕೋಡ್ ಪಿ0335 ಬಂತು. ಅದು ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಸರ್ಕ್ಯೂಟಿನ ಕೋಡ್. ವೈರಿಂಗ್ ಸರಿಯಿದೆಯೇ ಎಂದು ನೋಡಿ, ಸೆನ್ಸರ್ ಬದಲಾಯಿಸಿದರು.

ಈ ಸೆನ್ಸರ್ ಹೆಬ್ಬೆರಳಿನಷ್ಟು ದೊಡ್ಡದು. ಇಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುವುದು ಇದೇ. ಬಿಸಿಯಾದಾಗ ಒಳಗಿನ ಸಂಪರ್ಕ ಕಡಿದರೆ ಇಂಜಿನ್ ತಿರುಗುತ್ತಿಲ್ಲ ಎಂದು ಕಂಪ್ಯೂಟರ್ ತಿಳಿದುಕೊಂಡು ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ. ತಣ್ಣಗಾದರೆ ಸಂಪರ್ಕ ಮತ್ತೆ ಕೂಡುತ್ತದೆ. ಮಜೂರಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ನಿಮ್ಮ ಕಾರೂ ಹೀಗೆ ನಿಲ್ಲುತ್ತಿದ್ದರೆ ಕಾರಣ ಇದೇ ಎಂದು ನಾನು ಹೇಳುವುದಿಲ್ಲ. ಯಾವಾಗ ನಿಲ್ಲುತ್ತದೆ ಎಂದು ಮೊದಲು ಬರೆಯಿರಿ. ಸಿಗ್ನಲ್‌ನಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ನಿಂತರೆ ಥ್ರಾಟಲ್ ಬಾಡಿಯಲ್ಲಿ ಕೂತ ಮಸಿ ಅಥವಾ ಎಲ್ಲೋ ಗಾಳಿ ಸೋರುವ ಪೈಪು ಇರಬಹುದು. ಖಂಡಾಲಾ ಘಾಟಿನಂಥ ಏರಿನಲ್ಲಿ ಜಗ್ಗಿ ಜಗ್ಗಿ ನಿಂತರೆ ಫ್ಯೂಯೆಲ್ ಫಿಲ್ಟರ್, ಪಂಪ್ ನೋಡಿಸಿ. ಪೆಟ್ರೋಲ್ ತುಂಬಿಸಿದ ಕೂಡಲೇ ನಿಲ್ಲುತ್ತಿದ್ದರೆ ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಕೆಟ್ಟಿರಬಹುದು. ನಿಲ್ಲುವ ಮೊದಲು ದೀಪ ಮಂಕಾಗಿ ಬ್ಯಾಟರಿ ಗುರುತು ಹತ್ತಿದರೆ ಆಲ್ಟರ್ನೇಟರ್ ಕಡೆ ಹೋಗಿ. ಮೆಕ್ಯಾನಿಕ್‌ಗೆ "ಕಾರು ಕೆಟ್ಟಿದೆ" ಎನ್ನಬೇಡಿ, ಬರೆದದ್ದನ್ನು ಓದಿ ಹೇಳಿ. ತೆಗೆದ ಭಾಗವನ್ನು ಕೇಳಿ ಪಡೆಯಿರಿ.

ಇನ್ನು, ಓಡುವಾಗ ನಿಂತರೆ ಏನು ಮಾಡಬೇಕು? ಗಾಬರಿಯಾಗಬೇಡಿ. ಹಜಾರ್ಡ್ ದೀಪ ಹಾಕಿ, ವೇಗ ಇರುವಾಗಲೇ ಎಡಕ್ಕೆ ಬನ್ನಿ. ಸ್ಟೇರಿಂಗ್ ಗಟ್ಟಿಯಾಗುತ್ತದೆ, ಆದರೆ ಎರಡೂ ಕೈಯಿಂದ ಬಲ ಹಾಕಿದರೆ ತಿರುಗುತ್ತದೆ. ಕಾರು ಓಡುತ್ತಿರುವಾಗ ಕೀಲಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ಬ್ರೇಕನ್ನು ಪದೇ ಪದೇ ತುಳಿಯಬೇಡಿ. ಉಳಿದಿರುವ ಸಹಾಯ ಒಂದೆರಡು ತುಳಿತಕ್ಕೆ ಮುಗಿಯುತ್ತದೆ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತ ಮೇಲೆ ಟ್ರಾಫಿಕ್ ಇಲ್ಲದ ಕಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ಕಾರಣ ಸಿಗುವವರೆಗೆ ಆ ಕಾರನ್ನು ಹೆದ್ದಾರಿಗೆ ಒಯ್ಯಲೇಬೇಡಿ. ನಾನು ಒಯ್ದದ್ದು ತಪ್ಪು.

ಕೊನೆಗೆ ಒಂದು ಹಳೆಯ ಸಂಗತಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ ಕಾರಿನಲ್ಲಿ ಹೊರಟಳು. ಸುಮಾರು ನೂರು ಕಿಲೋಮೀಟರ್, ಲೋಕದ ಮೊದಲ ದೂರದ ಕಾರು ಪ್ರಯಾಣ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ತಾನೇ ಬಿಡಿಸಿದಳು. ಅವಳಿಗೆ ಕ್ಲಚ್ ಬಗ್ಗೆ ಹೇಳಲು ದಾರಿಯಲ್ಲಿ ಗ್ಯಾರೇಜೇ ಇರಲಿಲ್ಲ!

ನನ್ನ ಅವ್ವ ಈಗ ಮತ್ತೆ ಮುಂದಿನ ಸೀಟಿನಲ್ಲಿ ಕೂತು ವಾಶಿಗೆ ಬರುತ್ತಾರೆ. ಡೈರಿ ಡ್ಯಾಶ್‌ಬೋರ್ಡಿನಲ್ಲಿ ಇದೆ. ಸೆನ್ಸರ್ ಬದಲಾದ ಮೇಲಿನ ಹಾಳೆಯಲ್ಲಿ ಪೆಟ್ರೋಲ್ ಲೆಕ್ಕ ಬಿಟ್ಟರೆ ಬರೆಯಲು ಏನೂ ಸಿಕ್ಕಿಲ್ಲ.