ತಲೆಗೆ ಏಟು ಬಿದ್ದಾಗ ಹಾಸನಕ್ಕೆ ಹೋಗಬೇಕೆ?



ಫೆಬ್ರವರಿ, ಮಾರ್ಚಿ ಬಂತೆಂದರೆ ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆ ಮೆಣಸು ಕೊಯ್ಯುವ ಕಾಲ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಆಳು ಮೇಲೆ ಹತ್ತಿದ್ದಾನೆ. ಏಣಿ ಜಾರಿತು, ಎರಡಾಳೆತ್ತರದಿಂದ ಬಿದ್ದ ಎನ್ನೋಣ. ಒಂದು ಗಳಿಗೆ ಎಚ್ಚರ ತಪ್ಪಿತು. ಆಮೇಲೆ ತಾನೇ ಎದ್ದು ಕೂತ. "ಏನಿಲ್ಲಣ್ಣ, ಒಸಿ ನೀರು ಕೊಡಿ" ಅಂದ. ತಲೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟೆ. ಸುತ್ತ ನಿಂತವರಲ್ಲಿ ಎರಡು ಪಕ್ಷ. "ಹಾಸನಕ್ಕೆ ಕರಕೊಂಡೋಗಿ ಸ್ಕ್ಯಾನ್ ಮಾಡಿಸ್ರಪ್ಪ" ಅನ್ನೋರು ಕೆಲವರು. "ಚೆನ್ನಾಗಿ ಮಾತಾಡ್ತಾ ಇದಾನಲ್ಲ, ಯಾಕೆ ದುಡ್ಡು ದಂಡ" ಅನ್ನೋರು ಕೆಲವರು. ಯಾರ ಮಾತು ಸರಿ?

ತಲೆಬುರುಡೆ ತೆಂಗಿನ ಕರಟದ ಹಾಗೆ, ಹಿಗ್ಗುವುದಿಲ್ಲ. ಕಣತಲೆಯ ಬಳಿ ಮೂಳೆ ತೆಳು. ಅದರ ಒಳಮೈಗೆ ಹೊಂದಿಕೊಂಡು ಒಂದು ರಕ್ತನಾಳ ಉಂಟು. ಏಟಿಗೆ ಮೂಳೆ ಸೀಳಿ ಆ ನಾಳ ಹರಿದರೆ ರಕ್ತ ಒಳಗೇ ತುಂಬುತ್ತ ಹೋಗುತ್ತದೆ. ಮಿದುಳಿಗೆ ಸರಿಯಲು ಜಾಗವಿಲ್ಲ. ಮೊದಲ ಕೆಲವು ಗಂಟೆ ಮನುಷ್ಯ ಕಾಫಿ ಕುಡಿದುಕೊಂಡು ಸರಿಯಾಗಿಯೇ ಇದ್ದಾನು. ಆಮೇಲೆ ತಲೆನೋವು ಏರಿ, ವಾಂತಿಯಾಗಿ, ಮಂಪರು ಕವಿಯುತ್ತದೆ. "ಮಾತಾಡ್ತಾ ಇದ್ದೋನು, ಮಲಗಿದೋನು ಏಳಲೇ ಇಲ್ಲ" ಅಂತಾರಲ್ಲ, ಎಷ್ಟೋ ಸಲ ಅದು ಇದೇ. ಹೊತ್ತಿಗೆ ಸರಿಯಾಗಿ ಬುರುಡೆ ತೆರೆದು ರಕ್ತ ತೆಗೆದರೆ ಬದುಕಿಸಬಹುದು.

ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಒಳಗಿನ ರಕ್ತ ಕಾಣದು. ಅದನ್ನು ತೋರಿಸುವುದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದರು. ಆದರೆ ಏಟು ಬಿದ್ದವರಿಗೆಲ್ಲ ಇದು ಬೇಡ. ಖರ್ಚಿನ ಮಾತು ಹಾಗಿರಲಿ, ಅದರ ಕಿರಣ ಸುಮ್ಮಸುಮ್ಮನೆ ಮೈಗೆ ಬೀಳಬಾರದು, ಮಕ್ಕಳಿಗಂತೂ ಕೂಡದು. ಹಾಗಾದರೆ ಯಾರಿಗೆ ಬೇಕು? ಕೆನಡಾ ದೇಶದ ವೈದ್ಯರು 2001ರಲ್ಲಿ ಇದಕ್ಕೊಂದು ಕಟ್ಟಳೆ ಮಾಡಿದರು. ಏಟಿನಿಂದ ಕ್ಷಣವಾದರೂ ಎಚ್ಚರ ತಪ್ಪಿದವನು, ನಡೆದದ್ದು ಮರೆತವನು, ತಬ್ಬಿಬ್ಬಾದವನು ಯಾರೋ, ಅವನು ಎರಡು ಗಂಟೆಯಾದರೂ ಪೂರ್ತಿ ಸ್ವಸ್ಥನಾಗದಿದ್ದರೆ, ಎರಡು ಸಲ ವಾಂತಿ ಮಾಡಿದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರಿದರೆ, ಕಣ್ಣ ಸುತ್ತ ಕಪ್ಪಾದರೆ, ಬುರುಡೆ ತಗ್ಗಾಗಿದ್ದರೆ, ವಯಸ್ಸು 65 ದಾಟಿದ್ದರೆ ಸ್ಕ್ಯಾನ್ ಆಗಬೇಕು. ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದೂ, ನಡೆದುಹೋಗುವಾಗ ವಾಹನ ಬಡಿದದ್ದೂ ಈ ಲೆಕ್ಕಕ್ಕೆ ಸೇರಿವೆ. ಈಗ ನೋಡಿ, ನಮ್ಮ ಮೆಣಸಿನ ಆಳು ಎಚ್ಚರ ತಪ್ಪಿದ್ದ, ಬಿದ್ದದ್ದು ಎರಡಾಳೆತ್ತರದಿಂದ. ಕರಕೊಂಡು ಹೋಗಿ ಅಂದವರದೇ ಸರಿ.

ಫಿಟ್ಸ್ ಬಂದರೆ, ಕೈಕಾಲು ಸೋತರೆ ಯಾವ ಕಟ್ಟಳೆಯನ್ನೂ ಕೇಳುತ್ತ ಕೂಡಬೇಡಿ, ಹೊರಡಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸಣ್ಣ ಏಟೂ ದೊಡ್ಡದೇ. ಕುಡಿದವನು ಬಿದ್ದು ಮಲಗಿದ್ದರೆ "ಅಮಲು, ಇಳೀತದೆ ಬಿಡು" ಅಂತಾರೆ. ಅಮಲು ಯಾವುದು, ಏಟು ಯಾವುದು ಎಂದು ಹೊರಗಿನಿಂದ ತಿಳಿಯುವ ಬಗೆಯಿಲ್ಲ. ಅಜ್ಜ ಬಚ್ಚಲಲ್ಲಿ ಜಾರಿದ್ದು ಎಲ್ಲರಿಗೂ ಮರೆತುಹೋಗಿ, ಮೂರು ವಾರದ ಮೇಲೆ ನಡಿಗೆ ತೂರಾಡಿ ಮಾತು ತಪ್ಪಿದರೆ, ವಯಸ್ಸಾಯಿತು ಎಂದು ಬಿಡಬೇಡಿ. ಮುದುಕರಲ್ಲಿ ರಕ್ತ ನಿಧಾನವಾಗಿ ಒಸರುವುದುಂಟು.

ಇನ್ನು ಬಾಗಿಲಿಗೆ ಹಣೆ ತಗುಲಿ ಬುಗುಟೆ ಎದ್ದಿದೆ, ಎಚ್ಚರ ತಪ್ಪಲಿಲ್ಲ, ಬೇರೇನೂ ಇಲ್ಲ. ಮನೆಯಲ್ಲೇ ಇರಲಿ, ಒಂದು ದಿನ ಜೊತೆಗೆ ಯಾರಾದರೂ ಇದ್ದು ನೋಡಿಕೊಳ್ಳಲಿ. ನಿದ್ದೆ ಮಾಡಿಸಬಾರದು ಎಂಬ ಮಾತು ಪೂರ್ತಿ ನಿಜವಲ್ಲ. ಮಲಗಲಿ, ರಾತ್ರಿ ನಡುನಡುವೆ ಎಬ್ಬಿಸಿ ಹೆಸರು, ಊರು ಕೇಳಿ. ನೋವಿಗೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಬೇಡ. ಗಾಯಕ್ಕೆ ಕಾಫಿ ಪುಡಿ ಮೆತ್ತಬೇಡಿ, ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ.

ಹೊರಡಬೇಕಾದಾಗ 108ಕ್ಕೆ ಫೋನು ಮಾಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಬೇಡ, ಕುತ್ತಿಗೆಗೂ ಏಟಾಗಿರಬಹುದು. ಬೇಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ ಬೇಕಾದರೆ ಹಾಸನಕ್ಕೆ ಕಳಿಸುತ್ತಾರೆ. ದಾರಿ ಸುಮಾರು 40 ಕಿಲೋಮೀಟರು, ಆದ್ದರಿಂದ ಮನೆಯಲ್ಲಿ ಚರ್ಚೆಗೆ ಹೊತ್ತು ಕಳೆಯಬೇಡಿ. ಬಿದ್ದದ್ದನ್ನು ಕಣ್ಣಾರೆ ಕಂಡವರೇ ಜೊತೆಗೆ ಹೋಗಿ. ಎಷ್ಟು ಹೊತ್ತಿಗೆ, ಎಷ್ಟು ಎತ್ತರದಿಂದ ಬಿದ್ದ, ಎಷ್ಟು ಸಲ ವಾಂತಿಯಾಯಿತು ಎಂದು ಡಾಕ್ಟರು ಕೇಳುತ್ತಾರೆ. ತಿನ್ನುವ ಮಾತ್ರೆಯ ಚೀಟಿಯೂ ಕೈಯಲ್ಲಿರಲಿ.