ಕಿವಿಗೆ ಹತ್ತಿ ಸಾಲದು, ಮಷೀನಿನ ಸದ್ದೇ ತಗ್ಗಬೇಕು

(ಬಂಗಾರಪೇಟೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಸಾಲ, ಉಳಿತಾಯದ ಲೆಕ್ಕ ಸ್ವಲ್ಪ ಪಕ್ಕಕ್ಕಿಟ್ಟು ನಮ್ಮ ಕಿವಿಗಳ ಬಗ್ಗೆ ಮಾತಾಡೋಣ.

2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಆಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳಲ್ಲಿ ಒಲೆ ಉರಿಯಬೇಕಾದರೆ ಹೆಣ್ಣುಮಕ್ಕಳು ಹೊರಗೆ ದುಡಿಯಬೇಕಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ನಿಮ್ಮಲ್ಲೇ ಇದ್ದೀರಿ. ಗಣಿಯೊಳಗೆ ಬಂಡೆ ಕೊರೆಯುವ ಯಂತ್ರ ಹಿಡಿದವರು ಕೆಮ್ಮನ್ನೂ ತಂದರು, ಮಂದವಾದ ಕಿವಿಯನ್ನೂ ತಂದರು. ಕೆಮ್ಮಿಗೆ ಸಿಲಿಕೋಸಿಸ್ ಅಂತ ಹೆಸರಿತ್ತು. ಕಿವಿಗೆ ಮಾತ್ರ ನಾವು "ವಯಸ್ಸಾಯ್ತಲ್ಲ" ಅಂದು ಸುಮ್ಮನಾದೆವು. ಅದೇ ತಪ್ಪು ಈಗ ಹೆಣ್ಣುಮಕ್ಕಳ ವಿಷಯದಲ್ಲೂ ಆಗಬಾರದು.

ನಮ್ಮ ಒಂದು ಸಂಘದಲ್ಲಿ ಒಬ್ಬ ಅಕ್ಕ ಇದ್ದರು. ಇನ್ನೂ ನಲವತ್ತು ಆಗಿರಲಿಲ್ಲ. ಫಿನಿಶಿಂಗ್ ಸೆಕ್ಷನ್‌ನಲ್ಲಿ ಬಟ್ಟೆಗೆ ಅಂಟಿದ ದಾರದ ತುಂಡುಗಳನ್ನು ಎಳೆದುಕೊಳ್ಳುವ ಥ್ರೆಡ್ ಸಕ್ಕಿಂಗ್ ಮಷೀನಿನ ಮುಂದೆ ಅವರ ಕೆಲಸ. ಸಭೆಯಲ್ಲಿ ಏನು ಕೇಳಿದರೂ ತಲೆಯಾಡಿಸಿ ಸಹಿ ಹಾಕುತ್ತಿದ್ದರು. ಆಸಕ್ತಿಯಿಲ್ಲ ಅಂದುಕೊಂಡು ನಾವು ಒಮ್ಮೆ ಗದರಿದ್ದೂ ಉಂಟು. ಆಗ ಅವರು ಹೇಳಿದರು: "ಮಾತು ಕೇಳ್ಸುತ್ತೆ ಸಿಸ್ಟರ್, ಏನ್ ಮಾತು ಅಂತ ಗೊತ್ತಾಗಲ್ಲ." ಅದಕ್ಕೂ ಮೊದಲು ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತೆ ಅಂದಾಗ ನಾವೇ "ಹತ್ತಿ ಇಟ್ಕೊಳ್ಳಿ" ಅಂದಿದ್ದೆವು. ಸಮಾಜಕಾರ್ಯ ಓದಿದವರು ನಾವು, ಆದರೂ ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ ಅನ್ನುವುದು ನಮಗೆ ತಿಳಿದಿರಲಿಲ್ಲ.

ದೊಡ್ಡ ಸದ್ದು ಮೊದಲು ಹಾಳುಮಾಡುವುದು ಕೀಚಲು ಸ್ವರ ಕೇಳುವ ಶಕ್ತಿಯನ್ನು. 'ಸ', 'ಶ', 'ತ' ಇಂಥ ಅಕ್ಷರಗಳು ತಪ್ಪಿಹೋಗುತ್ತವೆ. ಆದ್ದರಿಂದಲೇ ದನಿ ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಔಷಧಿಯಿಂದಲೂ ಅವು ಬರುವುದಿಲ್ಲ.

ಅಪಾಯ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಒಂದು ತೋಳಿನಷ್ಟು ದೂರ ನಿಂತವರಿಗೆ ದನಿ ಎತ್ತಿಯೇ ಹೇಳಬೇಕಾದರೆ ಅಲ್ಲಿ ಸದ್ದು 85 ಡೆಸಿಬೆಲ್ ಆಸುಪಾಸು ಇದೆ ಅಂತ ತಿಳಿಯಿರಿ. ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ ಅಂಥಲ್ಲಿದ್ದರೆ ಕಿವಿಗೆ ಪೆಟ್ಟು. ನಮ್ಮ ದೇಶದ ಫ್ಯಾಕ್ಟರಿ ನಿಯಮಗಳು ಎಂಟು ಗಂಟೆಗೆ ಇಟ್ಟ ಮಿತಿ 90 ಡೆಸಿಬೆಲ್. ಸದ್ದು 95 ಆದರೆ ನಾಲ್ಕೇ ಗಂಟೆ, 100 ಆದರೆ ಎರಡೇ ಗಂಟೆ.

ಹಾಗಾದರೆ ಸಕ್ಷನ್ ಬೇಡವೇ? ಬೇಕು. ಧೂಳು, ದಾರದ ತುಂಡು ಎದೆಗೆ ಹೋಗದಂತೆ ಅದು ತಡೆಯುತ್ತದೆ. ಎದೆ ಉಳಿಸಿ ಕಿವಿ ಕಳೆಯಬೇಕಾಗಿಲ್ಲ, ಎರಡನ್ನೂ ಉಳಿಸಬಹುದು. ಸಕ್ಷನ್ ಸದ್ದು ಬರುವುದು ಮುಖ್ಯವಾಗಿ ಗಾಳಿ ಎಳೆಯುವ ಫ್ಯಾನಿನಿಂದ, ಗಾಳಿ ಹೊರಬೀಳುವ ಬಾಯಿಂದ, ಅದುರುವ ತಗಡಿನಿಂದ. ಅದಕ್ಕೆ ಮಾಡಬೇಕಾದ್ದು ಹೀಗಿದೆ:

1. ಫಿಲ್ಟರ್ ಚೀಲವನ್ನು ದಿನಾ ಖಾಲಿ ಮಾಡಿಸಬೇಕು, ಒಡೆದ ಪೈಪು, ಸಡಿಲ ಜೋಡಣೆ ಸರಿಮಾಡಿಸಬೇಕು. ಚೀಲ ಕಟ್ಟಿಕೊಂಡು, ಪೈಪು ಸೋರಿದರೆ ಎಳೆತ ಕಡಿಮೆಯಾಗುತ್ತದೆ. ಆಗ ಫ್ಯಾನಿನ ವೇಗ ಹೆಚ್ಚಿಸುತ್ತಾರೆ, ಸದ್ದೂ ಏರುತ್ತದೆ.

2. ಸೋರಿಕೆ ನಿಂತ ಮೇಲೆ ವೇಗ ಇಳಿಸಿ ನೋಡಬಹುದು. ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಕರೆಂಟೂ ಉಳಿಯುತ್ತದೆ. ಮಾಲೀಕರಿಗೆ ಈ ಮಾತು ಮೊದಲು ಹೇಳಿ.

3. ಸವೆದ ಬೇರಿಂಗ್, ಸಡಿಲ ಬೆಲ್ಟ್ ಬದಲಾಯಿಸಬೇಕು. ಮೋಟಾರಿನ ಕೆಳಗೆ ರಬ್ಬರ್ ಪ್ಯಾಡ್ ಇರಬೇಕು. ಫ್ಯಾನಿಗೂ ತಗಡಿನ ಪೈಪಿಗೂ ನಡುವೆ ಮೆತ್ತನೆಯ ತುಂಡು ಜೋಡಿಸಿದರೆ ಅದುರು ಮುಂದೆ ಹೋಗುವುದಿಲ್ಲ.

4. ಗಾಳಿ ಹೊರಬೀಳುವ ಬಾಯಿಗೆ ಸೈಲೆನ್ಸರ್ ಹಾಕಬೇಕು. ಬೈಕಿಗೆ ಇದ್ದಹಾಗೆ ಇದಕ್ಕೂ ಸಿಗುತ್ತದೆ. ಓವರ್‌ಲಾಕ್ ಮಷೀನಿನಲ್ಲಿ ಕಂಪ್ರೆಸರ್ ಗಾಳಿಯಿಂದ ದಾರ ಎಳೆಯುವ ಕಡೆ 'ಸುಯ್' ಅನ್ನುವುದಕ್ಕೂ ಇದೇ ಮದ್ದು. ಇಸ್ತ್ರಿ ಟೇಬಲ್‌ಗಳಿಗೆ ಒಂದೊಂದು ಮೋಟಾರಿನ ಬದಲು ಎಲ್ಲಕ್ಕೂ ಸೇರಿ ಒಂದೇ ಫ್ಯಾನನ್ನು ಹೊರಗೋಡೆಯಾಚೆ ಇಟ್ಟರೆ ಇನ್ನೂ ಒಳ್ಳೆಯದು.

5. ಕೆಲಸವಿಲ್ಲದಾಗ ಸಕ್ಷನ್ ಆರಿಸಬೇಕು. ಆದರೆ ಒಂದೇ ಸದ್ದಿನ ಹತ್ತು ಮಷೀನುಗಳಲ್ಲಿ ಒಂದನ್ನು ಆರಿಸಿದರೆ ವ್ಯತ್ಯಾಸವೇ ತಿಳಿಯದು. ಎಲ್ಲರೂ ಕೂಡಿ ಮಾಡಿದರೆ ಮಾತ್ರ ಫಲ. ಎಲ್ಲಕ್ಕಿಂತ ಜೋರಾಗಿ ಕಿರುಚುವ ಮಷೀನನ್ನು ಮೊದಲು ಹಿಡಿಯಿರಿ.

ಒಂದು ಎಚ್ಚರಿಕೆ. ಮಷೀನು ನೀವೇ ಬಿಚ್ಚಬೇಡಿ, ಅದು ಮೆಕ್ಯಾನಿಕ್ ಕೆಲಸ. ಸದ್ದು ಕಡಿಮೆಯಾಗಲಿ ಅಂತ ಮೋಟಾರಿಗೆ ವೇಸ್ಟ್ ಬಟ್ಟೆ ಸುತ್ತಲೇಬೇಡಿ, ಬಿಸಿಯೇರಿ ಬೆಂಕಿ ಹತ್ತೀತು. ಇಷ್ಟೆಲ್ಲ ಆಗುವವರೆಗೆ ಕಿವಿಗೆ ಸರಿಯಾದ ಇಯರ್ ಪ್ಲಗ್ ಕೇಳಿ, ಹಾಕುವ ಕ್ರಮವನ್ನೂ ಕಲಿಯಿರಿ. ಆದರೆ ಪ್ಲಗ್ ಕೊಟ್ಟೆವು ಅಂತ ಮಷೀನನ್ನು ಹಾಗೇ ಬಿಡಲು ಒಪ್ಪಬೇಡಿ.

"ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ" ಅನ್ನುತ್ತೀರಿ. ಆ ಭಯ ಸುಳ್ಳಲ್ಲ. ಆ ಅಕ್ಕ ಒಬ್ಬರೇ ಹೋಗಿ ಹೇಳಿದಾಗ "ಟಾರ್ಗೆಟ್ ನೋಡ್ಕೋ" ಅಂದು ಕಳುಹಿಸಿದರು. ಅದಕ್ಕೇ ಒಬ್ಬರೇ ಹೋಗಬೇಡಿ. ಲೈನಿನವರೆಲ್ಲ ಸೇರಿ, ಯಾವ ಮಷೀನು, ಯಾವ ದಿನದಿಂದ ಅಂತ ಬರೆದು ಕೊಡಿ, ಪ್ರತಿಯೊಂದು ಇಟ್ಟುಕೊಳ್ಳಿ. ಸದ್ದಿನಿಂದ ಬರುವ ಕಿವುಡು 1948ರ ಫ್ಯಾಕ್ಟರಿ ಕಾಯಿದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಇದೆ. ಇಎಸ್‌ಐ ಡಾಕ್ಟರಿಗೆ ಬರೀ "ಕಿವಿ ನೋವು" ಅನ್ನಬೇಡಿ. ಯಾವ ಮಷೀನಿನ ಮುಂದೆ, ಎಷ್ಟು ವರ್ಷ ಕೆಲಸ ಅಂತ ಹೇಳಿ ಬರೆಸಿ. ಹೊಸದಾಗಿ ಸೇರುವ ಹುಡುಗಿಯರು ಈಗಲೇ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಆ ಚೀಟಿ ಜೋಪಾನ ಮಾಡಲಿ. ಮುಂದೆ ಕಿವಿ ಎಷ್ಟು ಕುಗ್ಗಿತು ಅಂತ ತೋರಿಸಲು ಅದೇ ಆಧಾರ.

ಆ ಅಕ್ಕ ಈಗ ಸಭೆಯಲ್ಲಿ ನಮ್ಮ ಎದುರಿಗೇ ಕೂರುತ್ತಾರೆ. ನಾವು ಅವರ ಮುಖ ನೋಡಿ ನಿಧಾನವಾಗಿ ಮಾತಾಡುತ್ತೇವೆ. ಇನ್ನು ಅವರಿಗೆ ನಾವು ಮಾಡಬಲ್ಲದ್ದು ಅಷ್ಟೇ. ಆದರೆ ಅವರ ಪಕ್ಕದ ಮಷೀನಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಾಳೆ. ಅವಳ ಕಿವಿ ಇನ್ನೂ ಚೆನ್ನಾಗಿದೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಲೈನಿನಲ್ಲಿ ಹೆಚ್ಚು ಕಿರುಚುವ ಮಷೀನು ಯಾವುದು ಅಂತ ಒಬ್ಬೊಬ್ಬರೂ ಬರೆದು ತನ್ನಿ. ಅರ್ಜಿ ಬರೆಯಲು ಕೂಡಿ ಕೂರೋಣ.