ಒಂದು ನೀರಿನ ಕೊಳವೆ, ಒಂದು ಸಾಲು ಕಲ್ಲು



ಮನೆ ಕಟ್ಟುವ ಗಾರೆ ಕೆಲಸದವರನ್ನು ನೀವು ನೋಡಿಯೇ ಇರುತ್ತೀರಿ. ಒಬ್ಬ ಈ ಮೂಲೆಯಲ್ಲಿ ನಿಂತಿರುತ್ತಾನೆ, ಇನ್ನೊಬ್ಬ ಆ ಮೂಲೆಯಲ್ಲಿ. ನಡುವೆ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಎರಡು ತುದಿಗಳಲ್ಲಿ ನೀರು ನಿಂತ ಜಾಗಕ್ಕೆ ಒಂದೊಂದು ಗೆರೆ ಎಳೆದರೆ ಅವೆರಡೂ ಒಂದೇ ಮಟ್ಟದಲ್ಲಿರುತ್ತವೆ. ದ್ರವವು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಶಾಲೆಯ ಪಾಠದಲ್ಲಿ ಓದಿದ್ದೀರಲ್ಲ, ಅದೇ ಇದು. ವಿಜ್ಞಾನ ಪದವೀಧರನಾದ ನಾನು ಅದನ್ನು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಅಂಕ ಪಡೆದಿದ್ದೆ. ಆದರೆ ಅದರಿಂದ ಬರಡು ನೆಲದಲ್ಲಿ ಜೋಳ ಬೆಳೆಯಬಹುದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಆ ನೆಲ ಇರುವುದು ಪಶ್ಚಿಮ ಆಫ್ರಿಕದಲ್ಲಿ. ಭೂಪಟ ತೆಗೆದು ಸಹಾರಾ ಮರುಭೂಮಿಯ ದಕ್ಷಿಣದ ಅಂಚನ್ನು ಹುಡುಕಿ. ಸಮುದ್ರ ತೀರವಿಲ್ಲದ ಒಂದು ದೇಶ ಅಲ್ಲಿ ಕಾಣುತ್ತದೆ, ಬುರ್ಕಿನಾ ಫಾಸೊ. 1984ರವರೆಗೆ ಅದರ ಹೆಸರು ಅಪ್ಪರ್ ವೋಲ್ಟಾ. ಅದರ ವಾಯವ್ಯ ಭಾಗದ ಪ್ರಾಂತ ಯಾಟೆಂಗಾ, ಮುಖ್ಯ ಪಟ್ಟಣ ವಾಹಿಗುಯಾ. ಅಲ್ಲಿನ ಬಹುಪಾಲು ಜನ ಮೋಸಿ ಜನಾಂಗದವರು, ಅವರ ಭಾಷೆ ಮೋರೆ. ಊಟ ಜೋಳ ಮತ್ತು ಸಜ್ಜೆಯದು. ಈ ಮಾತು ಕೇಳಿ ನಮ್ಮ ಉತ್ತರ ಕರ್ನಾಟಕದ ವಿದ್ಯಾರ್ಥಿಗಳ ಕಿವಿ ನಿಮಿರಬೇಕು. ನಮ್ಮ ರೊಟ್ಟಿಯ ಜೋಳ, ಸಜ್ಜೆ ಎರಡೂ ಮೂಲತಃ ಆಫ್ರಿಕದ ರೈತರು ಪಳಗಿಸಿದ ಧಾನ್ಯಗಳು.

ಯಾಟೆಂಗಾದಲ್ಲಿ ಮಳೆ ಬರುವುದು ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ. 1968ರಿಂದ 1973ರವರೆಗೆ ಭೀಕರ ಬರ ಬಂತು. 1980ರ ದಶಕದ ಆರಂಭದಲ್ಲಿ ಮತ್ತೆ ಬಂತು. ಬಾವಿಗಳು ಬತ್ತಿದವು, ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಗುಳೆ ಹೋದವು. ಮಳೆಯ ಕೊರತೆಗಿಂತ ವಿಚಿತ್ರವಾದ ಕಷ್ಟ ಇನ್ನೊಂದಿತ್ತು. ಬಂದ ಮಳೆಯೂ ನೆಲದೊಳಗೆ ಇಳಿಯುತ್ತಿರಲಿಲ್ಲ. ಗಿಡ, ಹುಲ್ಲು ಹೋದ ಬತ್ತಲೆ ಮಣ್ಣಿನ ಮೇಲೆ ಮಳೆ ಹನಿಗಳು ರಭಸದಿಂದ ಬಿದ್ದಾಗ ಮಣ್ಣಿನ ಸಣ್ಣ ಕಣಗಳು ಸಿಡಿದು, ರಂಧ್ರಗಳನ್ನು ಮುಚ್ಚಿ, ಒಣಗಿದ ಮೇಲೆ ಹಂಚಿನಂಥ ಪದರವಾಗುತ್ತವೆ. ಮುಂದಿನ ಮಳೆ ಆ ಹಂಚಿನ ಮೇಲೆ ಜಾರಿ, ಇದ್ದ ಗೊಬ್ಬರವನ್ನೂ ಬಿತ್ತಿದ ಬೀಜವನ್ನೂ ಹೊತ್ತುಕೊಂಡು ಹೋಗುತ್ತದೆ. ಇಂಥ ನೆಲವನ್ನು ಮೋರೆ ಭಾಷೆಯಲ್ಲಿ ಜಿಪೆಲ್ಲೆ ಎನ್ನುತ್ತಾರೆ.

ಹೊರದೇಶದ ನೆರವು ಅಲ್ಲಿಗೆ ಬಂದಿರಲಿಲ್ಲವೇ? ಬಂದಿತ್ತು, ಬರಕ್ಕೂ ಮೊದಲೇ ಬಂದಿತ್ತು. 1962ರಿಂದ 1965ರ ನಡುವೆ ಯೂರೋಪಿನ ಹಣದಲ್ಲಿ ದೊಡ್ಡ ಯಂತ್ರಗಳು ಬಂದು ಸುಮಾರು 1,20,000 ಹೆಕ್ಟೇರ್ ಪ್ರದೇಶದಲ್ಲಿ ಮಣ್ಣಿನ ಬದುಗಳನ್ನು ಹಾಕಿದವು. ಎಂಜಿನಿಯರುಗಳ ಲೆಕ್ಕದಲ್ಲಿ ತಪ್ಪಿತ್ತೆಂದು ಹೇಳಲಾರೆ. ಆದರೆ ಹೊಲ ಯಾರದೋ ಅವರನ್ನು ಯಾರೂ ಕೇಳಲಿಲ್ಲ. ಆ ಬದುಗಳು ಮೇಲಿನಿಂದ ಹರಿದು ಬರುವ ನೀರನ್ನು ತಡೆದು ಪಕ್ಕಕ್ಕೆ ಸಾಗಿಸುತ್ತಿದ್ದವು. ರೈತನಿಗೆ ಬೇಕಿದ್ದದ್ದೇ ಆ ನೀರು! ರೈತರು ಬದುಗಳನ್ನು ದುರಸ್ತಿ ಮಾಡಲಿಲ್ಲ, ಕೆಲವೆಡೆ ತಾವೇ ಒಡೆದು ದಾರಿ ಮಾಡಿಕೊಂಡರು. ಕೆಲವು ವರ್ಷಗಳಲ್ಲಿ ಎಲ್ಲವೂ ಸವೆದು ಹೋಯಿತು.

1979ರಲ್ಲಿ ಬ್ರಿಟನ್ನಿನ ಆಕ್ಸ್‌ಫ್ಯಾಮ್ ಸಂಸ್ಥೆ ಯಾಟೆಂಗಾದಲ್ಲಿ ಸಣ್ಣದೊಂದು ಯೋಜನೆ ಆರಂಭಿಸಿತು. ಅದರ ಗುರಿ ಮರ ಬೆಳೆಸುವುದು. ಇಸ್ರೇಲಿನ ನೆಗೆವ್ ಮರುಭೂಮಿಯ ಮಾದರಿಯಲ್ಲಿ, ಗಿಡದ ಸುತ್ತ ಮಳೆ ನೀರು ನಿಲ್ಲುವಂತೆ ಪುಟ್ಟ ಬದುಗಳನ್ನು ಮಾಡಿದರು. ಹಳ್ಳಿಯವರು ಬಂದು ನೋಡಿದರು, ನೀರು ನಿಂತದ್ದು ಅವರಿಗೆ ಇಷ್ಟವಾಯಿತು. ಆದರೆ ಅವರು ಅಲ್ಲಿ ಬಿತ್ತಿದ್ದು ಜೋಳ. ಹಸಿದವನಿಗೆ ಮೊದಲು ಬೇಕಾದದ್ದು ಮರವಲ್ಲ, ಅನ್ನ. ಈ ಹಂತದಲ್ಲಿ ಸಾಮಾನ್ಯವಾಗಿ ಯೋಜನೆಗಳು ಜನರ ಮೇಲೆ ಸಿಟ್ಟಾಗುತ್ತವೆ, ‘ಸಹಕಾರವಿಲ್ಲ’ ಎಂದು ವರದಿ ಬರೆಯುತ್ತವೆ. ಇಲ್ಲಿ ಮಾತ್ರ ಯೋಜನೆಯೇ ತನ್ನ ಗುರಿಯನ್ನು ಬದಲಿಸಿಕೊಂಡಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಅಪರೂಪದ ಸಂಗತಿಯೆನಿಸುವುದು ಇದೇ.

ಹೊಲದ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು ಇಡುವ ಪದ್ಧತಿ ಅಲ್ಲಿನ ರೈತರಲ್ಲಿ ಮೊದಲೇ ಇತ್ತು. ಸಾಲು ಸಮಮಟ್ಟದಲ್ಲಿ ಇರುತ್ತಿರಲಿಲ್ಲ, ಕೊರತೆ ಅಷ್ಟೇ. ಆ ನೆಲ ಬರಿಗಣ್ಣಿಗೆ ಚಪ್ಪಟೆಯಾಗಿ ಕಾಣುವಷ್ಟು ಕಡಿಮೆ ಇಳಿಜಾರಿನದು. ಸಾಲು ಒಂದೆಡೆ ಒಂದು ಗೇಣು ತಗ್ಗಾದರೆ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲು ಮಾಡುತ್ತದೆ. ಅದಕ್ಕೆ ಸಿಕ್ಕ ಪರಿಹಾರ ನಮ್ಮ ಗಾರೆಯವನ ಕೊಳವೆ. ಕೊಳವೆಯ ಎರಡು ತುದಿಗಳನ್ನು ಅಳತೆ ಗುರುತು ಮಾಡಿದ ಎರಡು ಕೋಲುಗಳಿಗೆ ಕಟ್ಟುತ್ತಾರೆ. ಒಬ್ಬ ನಿಂತಲ್ಲೇ ನಿಲ್ಲುತ್ತಾನೆ. ಇನ್ನೊಬ್ಬ ಮೇಲೆ ಕೆಳಗೆ ಸರಿಯುತ್ತಾ ಎರಡೂ ಕಡೆ ನೀರು ಒಂದೇ ಗುರುತಿಗೆ ಬಂದಾಗ ನೆಲದಲ್ಲಿ ಗುರುತು ಹಾಕುತ್ತಾನೆ. ನಂತರ ಮೊದಲಿನವನು ಮುಂದಕ್ಕೆ ಹೋಗುತ್ತಾನೆ. ಓದು ಬಾರದ ರೈತರೂ ಒಂದೆರಡು ದಿನಗಳಲ್ಲಿ ಇದನ್ನು ಕಲಿತರು. ಉಪಕರಣದ ಬೆಲೆ ಕೆಲವೇ ಡಾಲರು.

ಕಲ್ಲೇ ಏಕೆ, ಮಣ್ಣೇಕಲ್ಲ? ಮಣ್ಣಿನ ಬದು ಗೋಡೆಯಿದ್ದ ಹಾಗೆ. ನೀರನ್ನು ತಡೆಯುತ್ತದೆ, ಮಿತಿಮೀರಿದಾಗ ಒಡೆಯುತ್ತದೆ. ಕಲ್ಲಿನ ಸಾಲು ಜರಡಿಯಿದ್ದ ಹಾಗೆ. ನೀರು ಸಂದಿಗಳಿಂದ ನಿಧಾನವಾಗಿ ದಾಟಿ ಕೆಳಗಿನ ಹೊಲಕ್ಕೂ ಹೋಗುತ್ತದೆ. ವೇಗ ತಗ್ಗಿದಾಗ ನೀರು ಹೊತ್ತು ತಂದ ಮಣ್ಣು, ಎಲೆ, ಹಿಕ್ಕೆ, ಹುಲ್ಲಿನ ಬೀಜ ಎಲ್ಲವೂ ಸಾಲಿನ ಹಿಂದೆ ಉಳಿಯುತ್ತವೆ. ಒಂದೆರಡು ವರ್ಷಗಳಲ್ಲಿ ಅಲ್ಲಿ ಹುಲ್ಲು ತಾನಾಗಿಯೇ ಹುಟ್ಟುತ್ತದೆ. 1989ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 8,000 ಹೆಕ್ಟೇರ್ ಹೊಲಗಳಿಗೆ ಇಂಥ ಸಾಲುಗಳು ಬಂದಿದ್ದವು.

ಹೊಲದ ಜೊತೆಗೆ ಜನರ ಸಂಘಟನೆಯೂ ಬೇಕಿತ್ತು. ಅದನ್ನು ಕಟ್ಟಿದವರು ಅದೇ ನಾಡಿನ ಶಿಕ್ಷಣತಜ್ಞ ಬೆರ್ನಾರ್ ಲೆಡೆಯಾ ವೆಡ್ರಾಓಗೊ. ಮೋಸಿ ಹಳ್ಳಿಗಳಲ್ಲಿ ಯುವಕ ಯುವತಿಯರು ಒಟ್ಟಾಗಿ ದುಡಿಯುವ ‘ನಾಮ್’ ಎಂಬ ಹಳೆಯ ಕೂಟವಿತ್ತು. 1967ರಿಂದ ಅವರು ಅದನ್ನೇ ಗ್ರಾಮಾಭಿವೃದ್ಧಿ ಸಂಘವಾಗಿ ಬೆಳೆಸಿದರು. 1976ರಲ್ಲಿ ಫ್ರಾನ್ಸಿನ ಬೆರ್ನಾರ್ ಲೆಕೋಂತ್ ಅವರ ಜೊತೆಗೂಡಿ, ಬೇಸಾಯವಿಲ್ಲದ ಒಣ ತಿಂಗಳುಗಳನ್ನು ಕೆಲಸಕ್ಕೆ ಬಳಸಿಕೊಳ್ಳುವ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಯೂರೋಪಿನ ದಾನಿಗಳ ಹಣ ಅದರ ಮೂಲಕ ಬರುತ್ತಿತ್ತು. ಹಣ ಬಾವಿಗೋ ಕಲ್ಲಿನ ಸಾಲಿಗೋ ಎಂಬುದನ್ನು ನಿರ್ಧರಿಸುವವರು ಮಾತ್ರ ಹಳ್ಳಿಯ ಸಂಘದವರೇ.

ಇದೇ ಕಾಲದಲ್ಲಿ, ವಾಹಿಗುಯಾ ಪಕ್ಕದ ಗುರ್ಗಾ ಎಂಬ ಹಳ್ಳಿಯಲ್ಲಿ ಯಾಕೂಬಾ ಸವಾಡೊಗೊ ಎಂಬ ರೈತ ಯಾವ ಸಂಸ್ಥೆಯನ್ನೂ ಕಾಯದೆ ಇನ್ನೊಂದು ಪ್ರಯೋಗ ಮಾಡುತ್ತಿದ್ದರು. ಸಂತೆಯ ವ್ಯಾಪಾರ ಬಿಟ್ಟು ಬೇಸಾಯಕ್ಕೆ ಮರಳಿದವರು. ‘ಜಾಯ್’ ಎಂಬ ಹಳೆಯ ಪದ್ಧತಿಯಂತೆ ಬೇಸಗೆಯಲ್ಲೇ ಆ ಹಂಚಿನಂಥ ನೆಲದಲ್ಲಿ ಗುಣಿ ತೋಡಿದರು. ಮೊದಲಿಗಿಂತ ದೊಡ್ಡ ಗುಣಿ, ಒಳಗೆ ಗೊಬ್ಬರ. ಗೊಬ್ಬರಕ್ಕೆ ಗೆದ್ದಲು ಬಂದವು. ಗೆದ್ದಲು ಎಂದರೆ ನಮಗೆ ಶತ್ರು, ಆದರೆ ಅಲ್ಲಿ ಅವು ಕೊರೆದ ಸುರಂಗಗಳಲ್ಲೇ ಮಳೆ ನೀರು ಆಳಕ್ಕೆ ಇಳಿಯಿತು. ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಣಿ, ಎಲ್ಲವೂ ಗುದ್ದಲಿಯ ಕೆಲಸ. ನೆರೆಯವರು ಹುಚ್ಚನೆಂದರು. ಅವರು ಬೆಳೆಸಿದ ಕಾಡಿಗೆ ಬೆಂಕಿಯೂ ಬಿತ್ತು. ಅವರು ಮತ್ತೆ ನೆಟ್ಟರು. ಗುಣಿಯೂ ಕಲ್ಲಿನ ಸಾಲೂ ಒಂದೇ ಹೊಲದಲ್ಲಿ ಸೇರಿದಾಗ ಫಲ ಇನ್ನೂ ಹೆಚ್ಚಿತು. 1989ರಲ್ಲಿ ನೆರೆಯ ನೈಜರ್ ದೇಶದ ಇಲ್ಲೇಲಾ ಪ್ರದೇಶದ ಕೆಲವು ರೈತರು ಯಾಟೆಂಗಾಕ್ಕೆ ಬಂದು ನೋಡಿ, ಊರಿಗೆ ಹೋಗಿ ತಮ್ಮಲ್ಲೂ ಗುಣಿ ತೋಡಿದರು.

ಸವಾಡೊಗೊ ಅವರ ಮೇಲೆ 2010ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ‘ಮರುಭೂಮಿಯನ್ನು ನಿಲ್ಲಿಸಿದ ಮನುಷ್ಯ’ ಎಂಬ ಅರ್ಥದ ಹೆಸರು. ದೂರದರ್ಶನ ಮಾಧ್ಯಮದಲ್ಲಿ ದುಡಿಯುವ ನನಗೆ ಈ ಹೆಸರು ಸ್ವಲ್ಪ ಮುಜುಗರ ತರುತ್ತದೆ. ನಮ್ಮ ಕ್ಯಾಮೆರಾಗಳಿಗೆ ಒಬ್ಬ ನಾಯಕ ಬೇಕು. ಒಂದು ಹೆಕ್ಟೇರಿಗೆ ಹತ್ತಾರು ಟನ್ ಕಲ್ಲು ಬೇಕಾಗುತ್ತದೆ, ಅದರಲ್ಲಿ ಬಹುಪಾಲನ್ನು ತಲೆಯ ಮೇಲೆ ಹೊತ್ತವರು ಹೆಂಗಸರು. ಅವರು ಚೌಕಟ್ಟಿನೊಳಗೆ ಹಿಡಿಸುವುದಿಲ್ಲ. ಹೊಲ ಹಸನಾದ ಮೇಲೆ ಅದು ಯಾರ ಹೆಸರಿನಲ್ಲಿ ಎಂದು ಕೇಳಿದರೆ, ಹೆಚ್ಚಿನ ಕಡೆ ಅವರ ಹೆಸರಿನಲ್ಲಲ್ಲ. ಸ್ವತಃ ಸವಾಡೊಗೊ ಅವರಿಗೂ ಈ ಪ್ರಶ್ನೆ ಎದುರಾಯಿತು. ವಾಹಿಗುಯಾ ಪಟ್ಟಣ ಬೆಳೆದು, ಅವರ ಕಾಡು ನಗರ ವಿಸ್ತರಣೆಯ ನಕ್ಷೆಯೊಳಗೆ ಬಂತು, ನಿವೇಶನಗಳಾಗಿ ಹಂಚಿಕೆಯಾಯಿತು. ಯಾರೂ ಬೇಡವೆಂದು ಬಿಟ್ಟಿದ್ದ ನೆಲಕ್ಕೆ ಬೆಲೆ ತಂದವರೇ ಅದನ್ನು ಉಳಿಸಿಕೊಳ್ಳಲು ಅಲೆಯಬೇಕಾಯಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ 2015ರಿಂದ ಹಬ್ಬಿದ ಸಶಸ್ತ್ರ ಗುಂಪುಗಳ ಹಿಂಸೆಯಿಂದ ಆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಯಾಟೆಂಗಾ ಪ್ರಾಂತವೂ ಅದಕ್ಕೆ ಹೊರತಾಗಿರಲಿಲ್ಲ. ಕಲ್ಲಿನ ಸಾಲು ನೀರನ್ನು ತಡೆಯಬಲ್ಲದು, ಬಂದೂಕನ್ನಲ್ಲ.

ಇನ್ನು ಕೊಳವೆಯ ಪ್ರಯೋಗ. ಸ್ಟುಡಿಯೋದಲ್ಲಿ ಇದನ್ನು ತೋರಿಸುವಾಗ ನನ್ನ ಎರಡು ಗೆರೆಗಳು ಮೂರು ಬೆರಳು ಹೆಚ್ಚು ಕಡಿಮೆಯಾದವು. ಬೆಳಕಿನವರು, ಧ್ವನಿಯವರು ಎಲ್ಲರೂ ನಕ್ಕರು. ಕೊಳವೆಯ ನಡುವೆ ಒಂದು ಗಾಳಿಗುಳ್ಳೆ ಉಳಿದಿತ್ತು, ತಪ್ಪು ನನ್ನದೇ. ನೀವು ಮಾಡುವಾಗ ಹತ್ತು ಮೀಟರ್ ಪಾರದರ್ಶಕ ಕೊಳವೆ ತೆಗೆದುಕೊಳ್ಳಿ. ನೀರಿಗೆ ಎರಡು ಹನಿ ಶಾಯಿ ಹಾಕಿ, ನಿಧಾನವಾಗಿ ತುಂಬಿಸಿ, ಬೆರಳಿನಿಂದ ತಟ್ಟಿ ಗುಳ್ಳೆಗಳನ್ನೆಲ್ಲ ಹೊರಡಿಸಿ. ನಿಮ್ಮ ಶಾಲೆಯ ಮೈದಾನದಲ್ಲಿ ಹತ್ತು ಸಮಮಟ್ಟದ ಬಿಂದುಗಳನ್ನು ಗುರುತಿಸಿ, ಅವುಗಳನ್ನು ಸುಣ್ಣದ ಗೆರೆಯಿಂದ ಕೂಡಿಸಿ. ಗೆರೆ ನೇರವಾಗಿ ಬರುವುದಿಲ್ಲ, ಹಾವಿನಂತೆ ಹೊರಳುತ್ತದೆ. ಅದು ಸರಿಯೇ. ಮುಂದಿನ ಮಳೆ ಬಂದಾಗ ನೀರು ಆ ಗೆರೆಯನ್ನು ಎಲ್ಲಿ, ಹೇಗೆ ದಾಟುತ್ತದೆ ಎಂದು ಕಿಟಕಿಯಿಂದ ನೋಡಿ.